ಅಮ್ಮನ ಪಾಸ್‌ವರ್ಡ್ ಡೈರಿ ಮುಚ್ಚಿಡ್ಬೇಕು ಅಂತಿದೀನಿ, ಪಾಸ್‌ಕೀ ಹಾಕ್ಲಾ ಬೇರೆ ದಾರಿ ಇದ್ಯಾ?

ಸಾಗರದ ಮಗಳು
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ ಪ್ಲೀಸ್. ಅಮ್ಮ ಸಾಗರದ ಹತ್ರ ಹಳ್ಳೀಲಿ ಇರೋದು, 64 ವರ್ಷ, ನಾನು ಬೆಂಗಳೂರಲ್ಲಿ. ಅವ್ರ ಹತ್ರ ಒಂದು ಡೈರಿ ಇದೆ, ಸೊಸೈಟಿಯವ್ರು ಹೊಸ ವರ್ಷಕ್ಕೆ ಕೊಟ್ಟಿದ್ದು, ಹಾಲಿನ ಲೆಕ್ಕದ ಹಿಂದಿನ ಪುಟದಲ್ಲಿ ಎಲ್ಲಾ ಪಾಸ್‌ವರ್ಡ್ ಬರ್ದಿಟ್ಕೊಂಡಿದಾರೆ, ಒಂದೊಂದನ್ನೂ ನಾಕೈದು ಸಲ ಹೊಡ್ದುಹಾಕಿ ಪಕ್ಕದಲ್ಲಿ ಹೊಸದು ಬರ್ದು ಈಗ ಯಾವ್ದು ನಡಿಯತ್ತೆ ಅಂತ ಅವ್ರಿಗೇ ಗೊತ್ತಾಗಲ್ಲ. ಹೋದ ತಿಂಗಳು "ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇವತ್ತೇ ಸರಿ ಮಾಡ್ಕೊಳ್ಳಿ" ಅಂತ ಮೆಸೇಜ್ ಬಂತಂತೆ, ಲಿಂಕ್ ಒತ್ತಿದ್ರು, ಥೇಟ್ ಜಿಮೇಲ್ ತರ ಕಾಣೋ ಪೇಜು, ಡೈರಿ ನೋಡ್ಕೊಂಡು ಪಾಸ್‌ವರ್ಡ್ ಹಾಕಿದ್ರು, ಫೋನಿಗೆ ಬಂದ ಕೋಡನ್ನೂ ಹಾಕಿದ್ರು. ಅಷ್ಟೆ. ಅಕೌಂಟ್ ಕೈತಪ್ಪಿ ಹೋಯ್ತು. ವಾಪಸ್ ಸಿಗೋಕೆ ಒಂಬತ್ತು ದಿನ ಬೇಕಾಯ್ತು, ಅಷ್ಟು ದಿನ ಅಮ್ಮ ಸರಿಯಾಗಿ ಊಟ ಮಾಡ್ಲಿಲ್ಲ, ಅಪ್ಪನ ಕೊನೆ ಫೋಟೋಗಳೆಲ್ಲ ಅದ್ರಲ್ಲೇ ಇದ್ದಿದ್ದು.

ನಂಗೆ ಬೇಜಾರಾಗಿದ್ದು ಏನಂದ್ರೆ ನಾನೇ ಅವ್ರಿಗೆ ಎರಡು ಹಂತದ ಸೆಕ್ಯೂರಿಟಿ ಹಾಕ್ಕೊಟ್ಟು "ಇನ್ನು ಭಯ ಇಲ್ಲಮ್ಮ" ಅಂದಿದ್ದೆ. ಈಗ ಎಲ್ಲರೂ ಪಾಸ್‌ಕೀ ಪಾಸ್‌ಕೀ ಅಂತಾರೆ, ಪಾಸ್‌ವರ್ಡ್ ಬದ್ಲು ಫೋನಿನ ಲಾಕ್ ತೆಗ್ದೇ ಲಾಗಿನ್ ಆಗೋದಂತೆ, ಬೆರಳಿಟ್ರೆ ಆಯ್ತು ಅಂತಾರೆ. ಆದ್ರೆ ಅಮ್ಮಂಗೆ ಅಡಿಕೆ ಸುಲ್ದು ಸುಲ್ದು ಬೆರಳಿನ ಗೆರೆ ಸವೆದೇ ಹೋಗಿದೆ, ಸೀಸನ್ನಲ್ಲಂತೂ ಚೊಗರು ಹತ್ತಿ ಕೈಯೆಲ್ಲ ಕಪ್ಪು, ರೇಷನ್ ಅಂಗಡೀಲಿ ಥಂಬ್ ಬರ್ದೆ ಮೂರು ಮೂರು ಸಲ ವಾಪಸ್ ಬಂದಿದಾರೆ. ಅಂಥವ್ರಿಗೆ ಇದು ಆಗತ್ತಾ? ಫೋನ್ ಕಳ್ದೋದ್ರೆ ಏನ್ ಗತಿ?

ಕೀಲಿಕೈ
ಮೊದ್ಲು ಅಮ್ಮಂಗೆ ಹೇಳಿ, ತಪ್ಪು ಅವ್ರದ್ದಲ್ಲ. ನಾನು ಬೆಂಗಳೂರಲ್ಲಿ ಹತ್ತು ವರ್ಷದಿಂದ ಲಾಗಿನ್ ಸಿಸ್ಟಂಗಳ ಮೇಲೇ ಕೆಲಸ ಮಾಡ್ತಿದೀನಿ, ಚೆನ್ನಾಗಿ ಮಾಡಿದ ನಕಲಿ ಪೇಜಿಗೆ ನಮ್ಮಂಥವರೇ ಬಿದ್ದಿದ್ದು ನೋಡಿದೀನಿ. ನೀವು ಹಾಕ್ಕೊಟ್ಟ ಎರಡನೇ ಹಂತ ಕೆಲಸಕ್ಕೆ ಬಾರದ್ದು ಅಂತಲ್ಲ, ಯಾರೋ ಎಲ್ಲಿಂದ್ಲೋ ಕದ್ದ ಪಾಸ್‌ವರ್ಡ್ ಪಟ್ಟಿ ಇಟ್ಕೊಂಡು ಒಂದೊಂದೇ ಅಕೌಂಟಿಗೆ ಹಾಕಿ ನೋಡ್ತಾರಲ್ಲ ಅದನ್ನ ಅದು ತಡಿಯತ್ತೆ. ಆದ್ರೆ ಎಸ್ಸೆಮ್ಮೆಸ್ಸಲ್ಲಿ ಬರೋ ಕೋಡಾಗ್ಲಿ, ಆಥೆಂಟಿಕೇಟರ್ ಆಪಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗೋ 6 ಅಂಕಿ ಆಗ್ಲಿ, ಕೊನೆಗೆ ಮನುಷ್ಯನೇ ಓದಿ ಟೈಪ್ ಮಾಡ್ಬೇಕು. ಮನುಷ್ಯ ಟೈಪ್ ಮಾಡೋದನ್ನ ತಪ್ಪು ಜಾಗದಲ್ಲೂ ಟೈಪ್ ಮಾಡ್ಬಹುದು, ಕಳ್ಳ ಅದನ್ನ ಅದೇ ಕ್ಷಣ ಅಸಲಿ ಸೈಟಿಗೆ ದಾಟಿಸ್ತಾನೆ. ನಿಮ್ಮಮ್ಮಂಗೆ ಆಗಿದ್ದು ಇದೇ.

ಪಾಸ್‌ಕೀಲಿ ಟೈಪ್ ಮಾಡೋಕೆ ಏನೂ ಇರಲ್ಲ. ಅದು ಯಾವ ವಿಳಾಸಕ್ಕೆ ಅಂತ ಹುಟ್ಟಿರತ್ತೋ ಆ ವಿಳಾಸಕ್ಕೆ ಮಾತ್ರ ಬಾಯಿ ಬಿಡತ್ತೆ, ಒಂದಕ್ಷರ ಆಚೀಚೆ ಆಗಿರೋ ನಕಲಿ ಪೇಜನ್ನ ಕಣ್ಣು ಗುರುತಿಸದೇ ಇರ್ಬಹುದು, ಬ್ರೌಸರು ಗುರುತಿಸತ್ತೆ. ಅಮ್ಮ ಬೇಕು ಅಂದ್ರೂ ಕಳ್ಳನಿಗೆ ಕೊಡೋಕೆ ಅವ್ರ ಹತ್ರ ಏನೂ ಇರಲ್ಲ. ನಂಗೆ ಇದು ತುಂಬಾ ದೊಡ್ಡ ವಿಷಯ ಅನ್ಸತ್ತೆ, ಯಾಕಂದ್ರೆ ಇಷ್ಟು ವರ್ಷ ನಾವು "ಹುಷಾರಾಗಿರಿ, ಹುಷಾರಾಗಿರಿ" ಅಂತ ಎಲ್ಲಾ ಭಾರ ಬಳಸೋರ ಮೇಲೇ ಹಾಕ್ತಿದ್ವಿ.

ಬೆರಳಿನ ಚಿಂತೆ ಬಿಡಿ. ಪಾಸ್‌ಕೀಗೆ ಬೇಕಾಗಿರೋದು ಫೋನಿನ ಲಾಕು, ಬೆರಳೇ ಆಗ್ಬೇಕು ಅಂತಿಲ್ಲ. ಪಿನ್ ಹಾಕಿ ಫೋನ್ ತೆಗೀತಾರಲ್ಲ, ಅದೇ ಪಿನ್ ಸಾಕು.

ಮಂಡ್ಯದ ಮೇಷ್ಟ್ರು
ನಾನು 31 ವರ್ಷ ಹೈಸ್ಕೂಲಲ್ಲಿ ಗಣಿತ ಹೇಳ್ಕೊಟ್ಟವ್ನು. ಕೀಲಿಕೈ ಅವರೇ ಒಂದು ಅರ್ಥ ಆಗ್ಲಿಲ್ಲ. ಪಾಸ್‌ವರ್ಡ್ ಅಂದ್ರೆ ನಂಗೂ ಗೊತ್ತು ಅವ್ರಿಗೂ ಗೊತ್ತು, ತಾಳೆ ನೋಡ್ತಾರೆ, ಸರಿ. ಇದ್ರಲ್ಲಿ ಟೈಪ್ ಮಾಡಿ ಸೈಟಿಗೆ ಕೊಡೋಕೆ ಗುಟ್ಟೇ ಇಲ್ಲ ಅಂತೀರಿ. ಅವ್ರಿಗೆ ಗುಟ್ಟೇ ಗೊತ್ತಿಲ್ದೆ ನಾನೇ ನಾನು ಅಂತ ಹೆಂಗೆ ನಂಬ್ತಾರೆ?

ಕೀಲಿಕೈ
ಮೇಷ್ಟ್ರೇ, ಹಳೇ ಕಾಲದ ಮುದ್ರೆಯುಂಗುರ ನೆನಪು ಮಾಡ್ಕೊಳ್ಳಿ. ಅರಗಿನ ಮೇಲೆ ಒತ್ತಿದ ಗುರುತು ನೋಡಿ ಇದು ಇಂಥವ್ರದ್ದೇ ಅಂತ ಯಾರು ಬೇಕಾದ್ರೂ ಹೇಳ್ಬಹುದು, ಆದ್ರೆ ಒತ್ತೋಕೆ ಉಂಗುರ ಇದ್ದೋರಿಗೆ ಮಾತ್ರ ಆಗೋದು. ನೀವು ಒಂದು ಸೈಟಲ್ಲಿ ಪಾಸ್‌ಕೀ ಮಾಡಿದಾಗ ಫೋನು ಎರಡು ಸಂಖ್ಯೆ ಹುಟ್ಟಿಸತ್ತೆ. ಒಂದು ಉಂಗುರ, ಗುಟ್ಟಾಗಿ ನಿಮ್ಮ ಹತ್ರಾನೇ ಇರತ್ತೆ. ಇನ್ನೊಂದು ಗುರುತು, ಅದು ಸೈಟಿಗೆ ಹೋಗತ್ತೆ. ಲಾಗಿನ್ ಆಗುವಾಗ ಸೈಟು ಪ್ರತಿ ಸಲ ಒಂದು ಹೊಸ ಯದ್ವಾತದ್ವಾ ಸಂಖ್ಯೆ ಕಳ್ಸಿ ಇದ್ರ ಮೇಲೆ ಮುದ್ರೆ ಒತ್ತಿ ಕೊಡಿ ಅನ್ನತ್ತೆ, ನಿನ್ನೆಯ ಮುದ್ರೆ ಕದ್ದಿಟ್ಕೊಂಡ್ರೂ ಇವತ್ತು ನಡಿಯಲ್ಲ. ಗುರುತಿಂದ ಉಂಗುರ ಕಂಡುಹಿಡಿಯೋದು ಲೆಕ್ಕದಲ್ಲಿ ಅಸಾಧ್ಯ ಅನ್ನೋಷ್ಟು ಕಷ್ಟ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಅನ್ನೋ ಇಬ್ರು ಈ ದಾರಿ ತೋರ್ಸಿದ್ದು, ಮಾರನೇ ವರ್ಷ ಬಂದ ಆರ್‌ಎಸ್‌ಎ ನಿಂತಿರೋದು ನೀವು ಬೋರ್ಡ್ ಮೇಲೆ ಹಾಕ್ಕೊಟ್ಟಿರೋ ಅವಿಭಾಜ್ಯ ಸಂಖ್ಯೆಗಳ ಮೇಲೇನೇ.

ಹಂಗಾಗಿ ಸೈಟಿನ ಡೇಟಾ ಪೂರ್ತಿ ಕಳುವಾದ್ರೂ ಅಲ್ಲಿರೋದು ಗುರುತು ಮಾತ್ರ. 2009ರಲ್ಲಿ ರಾಕ್‌ಯೂ ಅನ್ನೋ ಕಂಪನಿಯಿಂದ 3 ಕೋಟಿಗೂ ಹೆಚ್ಚು ಪಾಸ್‌ವರ್ಡ್ ಬಿಡಿಬಿಡಿಯಾಗಿ ಓದೋ ಹಾಗೇ ಆಚೆ ಬಂತು, ಇವತ್ತಿಗೂ ಕಳ್ಳರು ಆ ಪಟ್ಟಿ ಬಳಸ್ತಾರೆ. ಪಾಸ್‌ಕೀ ಗುರುತುಗಳ ಪಟ್ಟಿ ಕದ್ದು ಯಾರೂ ಏನೂ ಮಾಡೋಕಾಗಲ್ಲ.

ಮಂಡ್ಯದ ಮೇಷ್ಟ್ರು
ಈಗ ಬಂತು ದಾರಿಗೆ. ಇದನ್ನ ಮಕ್ಕಳಿಗೆ ಹೇಳ್ಕೊಟ್ಟಿದ್ರೆ "ಪ್ರೈಮ್ ನಂಬರ್ ಕಲ್ತು ಏನ್ ಸಾರ್ ಉಪ್ಯೋಗ" ಅಂತ ಕೇಳ್ತಿದ್ದ ಹುಡುಗ್ರಿಗೆ ಉತ್ತರ ಸಿಗ್ತಿತ್ತು.

ಹಾವೇರಿ ಆನ್‌ಲೈನ್ ಸೆಂಟರ್
ಎಲ್ಲಾ ಓದಿದ್ನಿ ರೀ. ಛಲೋ ಹೇಳೀರಿ, ಆದ್ರ ನಮ್ಮ ಕಡೆ ಪರಿಸ್ಥಿತಿ ಬ್ಯಾರೆ ಐತಿ. ನಂದು ಹಾವೇರಿ ಜಿಲ್ಲೆದಾಗ ಅರ್ಜಿ ತುಂಬೋ ಸಣ್ಣ ಸೆಂಟರ್. ದಿನಾ ಮೂವತ್ತು ನಲವತ್ತು ಮಂದಿ ಬರ್ತಾರ, ಜಾತಿ ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್, ಬೆಳೆ ವಿಮಾ, ಗೃಹಲಕ್ಷ್ಮಿ, ಎಲ್ಲಾ. ಅದ್ರಾಗ ಅರ್ಧಕ್ಕರ್ಧ ಮಂದಿ ಪಾಸ್‌ವರ್ಡ್ ನನಗ ಹೇಳ್ತಾರ, "ನೀನ ಇಟ್ಕೋ ತಮ್ಮ, ನಂಗ ನೆನಪ ಉಳಿಯಂಗಿಲ್ಲ" ಅಂತಾರ. ನಾ ಬ್ಯಾಡ್ರಿ ಅಂದ್ರೂ ಕೇಳಂಗಿಲ್ಲ. ಮನಿಗೊಂದು ಫೋನ್ ಇರ್ತದ, ಅದು ಮಗನ ಕೈಯಾಗ ಇರ್ತದ, ಮಗ ಹುಬ್ಬಳ್ಳಿಗೆ ಕೆಲಸಕ್ಕ ಹೋಗ್ಯಾನ, ಓಟಿಪಿ ಅವಂಗ ಬರ್ತದ, ಅವ್ವ ಇಲ್ಲಿಂದ ಫೋನ್ ಹಚ್ಚಿ ನಂಬರ್ ಕೇಳ್ತಾಳ. ಇದು ದಿನದ ಮಾತು ನಮಗ.

ಈಗ ಪಾಸ್‌ಕೀ ಬಂದ್ರ ಅಕೌಂಟ್ ಆ ಫೋನಿಗೆ ಗಂಟ ಬೀಳ್ತದ. ಫೋನ್ ಯಾರ ಕೈಯಾಗ ಐತೋ ಅವನ ಮಾಲೀಕ. ಫೋನಿನ ಪಿನ್ ಮನಿ ಮಂದಿಗೆಲ್ಲ ಗೊತ್ತ. ಪಾಸ್‌ವರ್ಡ್ ಇದ್ರ ಕನಿಷ್ಠ ಆ ಅವ್ವ ತಲ್ಯಾಗ ಇಲ್ಲಾ ಸೆರಗಿನ ಗಂಟಿನಾಗ ಇಟ್ಕೋಬಹುದಿತ್ತು. ನೀವು ಮಾಡೋ ಸಿಸ್ಟಂ ಒಬ್ಬೊಬ್ರಿಗೆ ಒಂದೊಂದು ಫೋನ್ ಇರ್ತದ ಅಂತ ತಿಳ್ಕೊಂಡ ಮಾಡೀರಿ. ಸಿಟ್ಟಿನಿಂದ ಹೇಳಾಕತ್ತಿಲ್ಲ, ನೋಡಿದ್ದು ಹೇಳಾಕತ್ತೀನಿ.

ಕೀಲಿಕೈ
ಅಣ್ಣಾ, ನೀವು ಹೇಳಿದ್ದು ನೂರಕ್ಕೆ ನೂರು ನಿಜ, ನಮ್ಮ ಮೀಟಿಂಗುಗಳಲ್ಲಿ ಈ ಮಾತು ಬರೋದೇ ಕಡಿಮೆ. ಒಂದೇ ಫೋನ್ ಹಂಚ್ಕೊಳ್ಳೋ ಮನೆಗೆ ಪಾಸ್‌ಕೀ ಸರಿಯಾದ ಉತ್ತರ ಅಂತ ನಾನೂ ಹೇಳಲ್ಲ. ಆಂಡ್ರಾಯ್ಡಲ್ಲಿ ಬೇರೆ ಬೇರೆ ಯೂಸರ್ ಮಾಡ್ಬಹುದು, ಆದ್ರೆ ಎಲ್ಲಾ ಕಂಪನಿ ಫೋನಲ್ಲೂ ಆ ಸೌಲಭ್ಯ ಇರಲ್ಲ, ಇದ್ರೂ ಯಾರೂ ಬಳಸಲ್ಲ.

ನಿಮ್ಮ ಸೆಂಟರಿಗೆ ಮಾತ್ರ ಒಂದು ಒಳ್ಳೇದಿದೆ. ಸ್ವಂತ ಫೋನಲ್ಲಿ ಪಾಸ್‌ಕೀ ಇರೋ ಗಿರಾಕಿ ನಿಮ್ಮ ಕಂಪ್ಯೂಟರಲ್ಲಿ ಜಿಮೇಲ್ ತೆಗೀಬೇಕು ಅಂದ್ರೆ ಸ್ಕ್ರೀನ್ ಮೇಲೆ ಕ್ಯೂಆರ್ ಬರತ್ತೆ, ಅವ್ರು ತಮ್ಮ ಫೋನಿಂದ ಸ್ಕ್ಯಾನ್ ಮಾಡಿ ಲಾಕ್ ತೆಗೆದ್ರೆ ಆಯ್ತು. ಫೋನು ಕಂಪ್ಯೂಟರು ಎರಡೂ ಹತ್ರಾನೇ ಇದೆ ಅಂತ ಬ್ಲೂಟೂತಲ್ಲಿ ಖಾತ್ರಿ ಮಾಡ್ಕೊಳತ್ತೆ, ಅದಕ್ಕೇ ಕಂಪ್ಯೂಟರಿಗೂ ಬ್ಲೂಟೂತ್ ಇರ್ಬೇಕು, ಇಲ್ದಿದ್ರೆ ಸಣ್ಣ ಡಾಂಗಲ್ ಹಾಕ್ಕೊಳ್ಳಿ. ಪಾಸ್‌ವರ್ಡು ನಿಮ್ಮ ಕೀಬೋರ್ಡ್ ಮುಟ್ಟೋದೇ ಇಲ್ಲ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ಮೇಲೆ ಮಾತು ಬರಲ್ಲ. ಕೆಲಸ ಮುಗಿದ್ಮೇಲೆ ಲಾಗೌಟ್ ಮಾತ್ರ ಮಾಡ್ಲೇಬೇಕು. ಲಾಗಿನ್ ಆದಮೇಲೆ ಬ್ರೌಸರಲ್ಲಿ ಉಳಿಯೋ ಕುಕೀನ, ಅಂದ್ರೆ ಇವ್ರು ಆಗ್ಲೇ ಒಳಗೆ ಬಂದವ್ರು ಅನ್ನೋ ಚೀಟೀನ, ವೈರಸ್ ಕದ್ರೆ ಪಾಸ್‌ಕೀನೂ ಏನೂ ಮಾಡೋಕಾಗಲ್ಲ.

ಕರಾವಳಿ ಮಳೆ
ನನಗೆ ಈ ಬೆರಳಚ್ಚು ಅಂದ್ರೇ ಹೆದರಿಕೆ ಮಾರ್ರೆ. ನಮ್ಮ ದೊಡ್ಡಮ್ಮನ ಅಕೌಂಟಿನಿಂದ ಎರಡು ಸಲ 10,000 ಹೋದದ್ದುಂಟು, ಓಟಿಪಿ ಇಲ್ಲ, ಫೋನ್ ಇಲ್ಲ, ಕಾರ್ಡ್ ಇಲ್ಲ. ಬ್ಯಾಂಕಿಗೆ ಹೋದ್ರೆ "ನೀವೇ ಹೆಬ್ಬೆಟ್ಟು ಕೊಟ್ಟು ತೆಗ್ದದ್ದು" ಅಂತ ಹೇಳಿದ್ರು, ಅವರು ಆ ದಿನ ಮನೆಯಿಂದ ಹೊರಗೆ ಕಾಲಿಟ್ಟದ್ದೇ ಇಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿ ಸುಮಾರು ಜನರಿಗೆ ಹೀಗೆ ಆಯ್ತಲ್ಲ, ಆಸ್ತಿ ನೋಂದಣಿ ಪತ್ರದಲ್ಲಿ ಇರುವ ಹೆಬ್ಬೆಟ್ಟಿನ ಗುರುತು ತೆಗ್ದು ನಕಲಿ ಬೆರಳು ಮಾಡಿ ಆಧಾರ್ ಮೂಲಕ ದುಡ್ಡು ತೆಗ್ದದ್ದು. ದೊಡ್ಡಮ್ಮನೂ ಅದರ ಹಿಂದಿನ ವರ್ಷ ಜಾಗ ರಿಜಿಸ್ಟರ್ ಮಾಡಿಸಿದ್ರು. ಪಾಸ್‌ವರ್ಡ್ ಕದ್ದರೆ ಬೇರೆ ಇಡ್ಬಹುದು. ಬೆರಳು ಕದ್ದರೆ ಬೇರೆ ಬೆರಳು ಎಲ್ಲಿಂದ ತರುದು? ಹಾಗಿರುವಾಗ ಎಲ್ಲದಕ್ಕೂ ಬೆರಳು ಇಡಿ ಅಂತ ಹೇಳುದು ಸರಿಯಾ?

ಕೀಲಿಕೈ
ಈ ಪ್ರಶ್ನೆ ಯಾರಾದ್ರೂ ಕೇಳ್ಲಿ ಅಂತಾನೇ ಕಾಯ್ತಿದ್ದೆ, ದೊಡ್ಡಮ್ಮಂಗೆ ಆಗಿದ್ದು ಓದಿ ಮಾತ್ರ ತುಂಬಾ ನೋವಾಯ್ತು. ಇಲ್ಲಿ ಎರಡು ಬೇರೆ ಬೇರೆ ವಿಷಯ ಒಂದೇ ಹೆಸರಲ್ಲಿ ಓಡಾಡ್ತಿದೆ. ಆಧಾರಲ್ಲಿ ನಿಮ್ಮ ಬೆರಳಚ್ಚು ದೂರದ ಒಂದು ಡೇಟಾಬೇಸಲ್ಲಿ ಇರತ್ತೆ, ಯಾವ ಊರಿನ ಯಾವ ಮಷಿನ್ ಮೇಲೆ ಇಟ್ರೂ ಅಲ್ಲಿಗೆ ಹೋಗಿ ತಾಳೆ ಆಗತ್ತೆ. ಅಂದ್ರೆ ಬೆರಳೇ ಪಾಸ್‌ವರ್ಡ್ ಆಗೋಯ್ತು, ಅದೂ ನಾವು ಮುಟ್ಟಿದ ಲೋಟದ ಮೇಲೆಲ್ಲ ಬಿಟ್ಟು ಬರೋ ಪಾಸ್‌ವರ್ಡು. ಅಮೆರಿಕದ ಸರ್ಕಾರಿ ನೌಕರರ ದಾಖಲೆ ಕಚೇರಿಯಿಂದ 56 ಲಕ್ಷ ಜನರ ಬೆರಳಚ್ಚು ಕಳುವಾಗಿದೆ ಅಂತ 2015ರಲ್ಲಿ ಅವ್ರೇ ಒಪ್ಕೊಂಡ್ರು, ಆ ಜನ ಸಾಯೋವರೆಗೂ ಅದನ್ನ ಬದಲಾಯ್ಸೋಕಾಗಲ್ಲ.

ಫೋನಿನ ಬೆರಳಚ್ಚು ಹಾಗಲ್ಲ. ಅದು ಫೋನಿನೊಳಗಿನ ಕಾವಲಿರೋ ಜಾಗದಲ್ಲೇ ಉಳಿಯತ್ತೆ, ಗೂಗಲ್ಲಿಗಾಗ್ಲಿ ಆಪಲ್ಲಿಗಾಗ್ಲಿ ಹೋಗಲ್ಲ, ಆ ಫೋನಿನ ಬೀಗ ತೆಗ್ಯೋದಷ್ಟೇ ಅದ್ರ ಕೆಲಸ. ಕಳ್ಳನಿಗೆ ನಿಮ್ಮ ಬೆರಳಿನ ಅಚ್ಚೂ ಬೇಕು, ಫೋನೂ ಕೈಗೆ ಸಿಗ್ಬೇಕು. ಅಚ್ಚು ಮಾಡೋದು ಆಗದ ಕೆಲಸ ಏನಲ್ಲ, 2013ರಲ್ಲಿ ಐಫೋನಿಗೆ ಬೆರಳಿನ ಲಾಕ್ ಬಂದ ಕೆಲವೇ ದಿನಕ್ಕೆ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನವ್ರು ಗಾಜಿನ ಮೇಲಿನ ಗುರುತಿಂದ ನಕಲಿ ಬೆರಳು ಮಾಡಿ ತೆಗೆದು ತೋರ್ಸಿದ್ರು. ಆದ್ರೆ ದೂರದ ರಾಜ್ಯದಲ್ಲಿ ಕೂತು ನೂರು ಜನರ ದುಡ್ಡು ಎತ್ತೋ ಕೆಲಸಕ್ಕೆ ಅದು ಬರಲ್ಲ.

ದೊಡ್ಡಮ್ಮಂಗೆ ಮಾಡ್ಬೇಕಾಗಿರೋದು ಆಧಾರ್ ಬಯೋಮೆಟ್ರಿಕ್ ಲಾಕ್. ಆಧಾರ್ ಕೊಡೋ ಯುಐಡಿಎಐ ಸೈಟಲ್ಲೋ ಆಪಲ್ಲೋ ಒಂದು ಸಲ ಲಾಕ್ ಮಾಡಿದ್ರೆ ಥಂಬ್ ಎಲ್ಲೂ ನಡಿಯಲ್ಲ, ಬೇಕಾದಾಗ ತೆಗ್ದು ಬಳಸ್ಬಹುದು. ರೇಷನ್ ತರೋ ಹೊತ್ತಿಗೆ ತೆಗೀಬೇಕು ಅನ್ನೋದು ನೆನಪಿರ್ಲಿ.

ಕರಾವಳಿ ಮಳೆ
ಲಾಕ್ ಮಾಡಿಸಿಯೇ ಆಗಿದೆ, ದುಡ್ಡು ಹೋದ ಮೇಲೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟದ್ದರಿಂದ ಒಂದು ಕಂತು ವಾಪಸ್ ಬಂದಿದೆ. ನೀವು ಹೇಳಿದ ವ್ಯತ್ಯಾಸ ಆ ದಿನ ಬ್ಯಾಂಕಿನಲ್ಲಿ ಯಾರಾದ್ರೂ ನಮಗೆ ಬಿಡಿಸಿ ಹೇಳಿದ್ದರೆ ಒಳ್ಳೇದಿತ್ತು.

ದಾವಣಗೆರೆ ಲೆಕ್ಕಪತ್ರ
ನಾನು ಆಡಿಟರ್ ಆಫೀಸಲ್ಲಿ ಕೆಲಸ ಮಾಡೋದು. ಕೀಲಿಕೈ ಅವರು ಹೇಳಿದ ಮುದ್ರೆಯುಂಗುರ ನಮ್ಮಲ್ಲಿ ಪಾಸ್‌ಕೀ ಬರೋಕಿಂತ ಎಷ್ಟೋ ವರ್ಷ ಮೊದ್ಲಿಂದ ಇದೆ, ಅದೇ ಡಿಜಿಟಲ್ ಸಿಗ್ನೇಚರ್, ನಾವು ಡಿಎಸ್‌ಸಿ ಅಂತೀವಿ. ಪೆನ್‌ಡ್ರೈವ್ ತರ ಟೋಕನ್ನು, ಅದ್ರೊಳಗೆ ಕೀ ಇರತ್ತೆ, ಪಿನ್ ಹಾಕಿದ್ರೆ ಸಹಿ ಬೀಳತ್ತೆ. 2000ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಿಂದ ಅದಕ್ಕೆ ಕೈಸಹಿಯಷ್ಟೇ ಬೆಲೆ. ಟೆಂಡರ್ ಹಾಕೋ ಕಂಟ್ರ್ಯಾಕ್ಟರುಗಳು, ಕಂಪನಿ ಡೈರೆಕ್ಟರುಗಳು ಎಲ್ಲರ ಹತ್ರ ಇದೆ.

ಎಲ್ಲರ ಹತ್ರ ಇದೆ ಅಂದ್ನಲ್ಲ, ನಿಜವಾಗಿ ಇರೋದು ಎಲ್ಲಿ ಗೊತ್ತಾ, ಆಡಿಟರ್ ಆಫೀಸಿನ ಡ್ರಾದಲ್ಲಿ. ನಾನು ಕೆಲಸಕ್ಕೆ ಸೇರಿದ ಮೊದಲ ಆಫೀಸಲ್ಲಿ ಒಂದು ಬಿಸ್ಕತ್ ಡಬ್ಬಿ ತುಂಬಾ ಟೋಕನ್ನು, ಒಂದೊಂದಕ್ಕೂ ಚೀಟಿ ಅಂಟಿಸಿ ಗಿರಾಕಿ ಹೆಸರು, ಪಿನ್ನೂ ಅದ್ರ ಮೇಲೇ. ಗಣಿತ ಎಷ್ಟು ಗಟ್ಟಿ ಇದ್ರೇನು, ಉಂಗುರ ಇನ್ನೊಬ್ರ ಬೆರಳಲ್ಲಿದ್ರೆ ಮುದ್ರೆ ಅವ್ರದ್ದೇ. ಹಾವೇರಿ ಅಣ್ಣ ಹೇಳಿದ್ದೂ ಇದೇ ಅಲ್ವಾ. ಈಗ ನಮ್ಮ ಆಫೀಸಲ್ಲಿ ಗಿರಾಕಿ ಬಂದು ಎದುರಿಗೇ ಕೂತು ಟೋಕನ್ ಚುಚ್ಚಿ ಸಹಿ ಮಾಡಿ ವಾಪಸ್ ತಗೊಂಡು ಹೋಗ್ಬೇಕು ಅಂತ ಮಾಡಿದೀವಿ, ಮೊದಮೊದಲು ಬೈದ್ರು, "ನಿಮ್ಮ ಮೇಲೆ ನಂಬಿಕೆ ಇಲ್ವಾ ನಮಗೆ" ಅಂತ ಬೇಜಾರು ಮಾಡ್ಕೊಂಡ್ರು, ಈಗ ರೂಢಿ ಆಗಿದೆ.

ದೂರದೂರು
ಜರ್ಮನಿಯಿಂದ ಬರೀತಿದೀನಿ. ಸಾಗರದವರು ಕೇಳಿದ ಎರಡನೇ ಪ್ರಶ್ನೆಗೆ, ಫೋನ್ ಕಳ್ದೋದ್ರೆ ಏನ್ ಗತಿ ಅನ್ನೋದಕ್ಕೆ, ನನ್ನ ಕಥೆ ಹೇಳ್ತೀನಿ. ಹೋದ ವರ್ಷ ಟ್ರೈನಲ್ಲಿ ಫೋನ್ ಬಿಟ್ಟೆ. ಒಂದೇ ಫೋನಲ್ಲಿ ಎಲ್ಲಾ ಇತ್ತು: ಪಾಸ್‌ಕೀ, ಆಥೆಂಟಿಕೇಟರ್, ಊರಿನ ಸಿಮ್. ಊರಿನ ಬ್ಯಾಂಕಿಗೆ ಓಟಿಪಿ ಬರೋದು ಆ ಸಿಮ್ಮಿಗೆ, ಸಿಮ್ ಮತ್ತೆ ತಗೋಬೇಕು ಅಂದ್ರೆ ನಾನೇ ಊರಿಗೆ ಬರ್ಬೇಕು ಅಂದ್ರು. ಮೇಲ್ ತೆಗ್ಯೋಕೆ ಹೋದ್ರೆ "ನಿಮ್ಮ ಇನ್ನೊಂದು ಸಾಧನದಲ್ಲಿ ಹೌದು ಒತ್ತಿ", ಇನ್ನೊಂದು ಸಾಧನ ಇರ್ಲಿಲ್ಲ. ಹೊಸ ಫೋನ್ ತಂದ್ಮೇಲೂ ಗೂಗಲ್‌ನಲ್ಲಿ ಉಳಿದಿದ್ದ ಪಾಸ್‌ಕೀ ಇಳಿಸ್ಕೊಳ್ಳೋಕೆ ಹಳೇ ಫೋನಿನ ಲಾಕ್ ಪಿನ್ ಕೇಳ್ತು, ಅದು ಪುಣ್ಯಕ್ಕೆ ನೆನಪಿತ್ತು, ಆದ್ರೆ ಅದಕ್ಕೂ ಮೊದ್ಲು ಅಕೌಂಟಿನ ಒಳಗೆ ಹೋಗೋಕೇ ಹದಿನೇಳು ದಿನ ಆಯ್ತು. ಆ ದಿನಗಳಲ್ಲಿ ಅಣ್ಣಂಗೆ ಆಪರೇಷನ್, ದುಡ್ಡು ಕಳ್ಸೋಕಾಗ್ದೆ ಗೆಳೆಯರ ಹತ್ರ ಬೇಡಿದೆ.

ಎಲ್ಲರೂ ಬಾಗಿಲು ಎಷ್ಟು ಭದ್ರ ಅಂತಾನೇ ಮಾತಾಡ್ತಾರೆ. ಬೀಗದಕೈ ಕಳ್ಕೊಂಡವನು ಒಳಗೆ ಬರೋದು ಹೆಂಗೆ ಅಂತ ಮೊದ್ಲೇ ಯೋಚ್ನೆ ಮಾಡಿ. ಈಗ ನನ್ನ ಹತ್ರ ಎರಡು ಸೆಕ್ಯೂರಿಟಿ ಕೀ ಇದೆ, ಯುಎಸ್‌ಬಿಗೆ ಚುಚ್ಚೋ ತರದ್ದು, ಫೋನಿನ ಪಾಸ್‌ಕೀ ತರಾನೇ ಲಾಗಿನ್ ಮಾಡ್ಸತ್ತೆ, ಒಂದು ಮನೇಲಿ ಒಂದು ಜೇಬಲ್ಲಿ. ಫೋನ್ ಇಲ್ದಾಗ ಒಳಗೆ ಹೋಗೋಕೆ ಗೂಗಲ್ ಅಕೌಂಟಿನ ಬ್ಯಾಕಪ್ ಕೋಡ್ ಹತ್ತು ಕೊಡ್ತಾರೆ, 8 ಅಂಕಿದು, ಒಂದೊಂದು ಒಂದೇ ಸಲ ನಡಿಯತ್ತೆ, ಅದನ್ನ ಪ್ರಿಂಟ್ ಮಾಡಿ ಪಾಸ್‌ಪೋರ್ಟ್ ಜೊತೆ ಇಟ್ಟಿದೀನಿ.

ಕಾಗದದ ಹುಲಿ
ಸೆಕ್ಯೂರಿಟಿ ಕೀ ಬಗ್ಗೆ ದೂರದೂರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಗೂಗಲ್ 2018ರಲ್ಲಿ ಹೇಳಿದ್ದು, 85,000ಕ್ಕೂ ಹೆಚ್ಚು ನೌಕರರಿಗೆ ಕೀ ಕಡ್ಡಾಯ ಮಾಡಿದ್ಮೇಲೆ ಒಬ್ರ ಅಕೌಂಟೂ ನಕಲಿ ಪೇಜಿಗೆ ಬಿದ್ದಿಲ್ಲ ಅಂತ. 2022ರಲ್ಲಿ ಕ್ಲೌಡ್‌ಫ್ಲೇರ್ ಅನ್ನೋ ಕಂಪನಿ ನೌಕರರಿಗೆ ನಕಲಿ ಎಸ್ಸೆಮ್ಮೆಸ್ ಬಂತು, ಕೆಲವ್ರು ಪಾಸ್‌ವರ್ಡ್ ಹಾಕಿಯೂ ಬಿಟ್ರು, ಆದ್ರೆ ಕೀ ಇಲ್ದೆ ಕಳ್ಳರಿಗೆ ಒಳಗೆ ಬರೋಕಾಗ್ಲಿಲ್ಲ. ಅದೇ ಹೊತ್ತಲ್ಲಿ ಅದೇ ತರದ ಮೆಸೇಜಿಗೆ ಟ್ವಿಲಿಯೋ ಕಂಪನಿ ಸಿಕ್ಕಿಹಾಕ್ಕೊಂತು.

ಆದ್ರೆ ನಂಗೆ ಪಾಸ್‌ಕೀ ಮೇಲೆ ಒಂದು ಅನುಮಾನ ಇದೆ, ಬಿಡದೆ ಹೇಳ್ತೀನಿ. ನನ್ನೆಲ್ಲಾ ಕೀ ಗೂಗಲ್ ಅಥವಾ ಆಪಲ್ ಹತ್ರ ಸಿಂಕ್ ಆಗಿ ಕೂತ್ರೆ, ನಾಳೆ ಅವ್ರು ನನ್ನ ಅಕೌಂಟ್ ಮುಚ್ಚಿದ್ರೆ ನನ್ನ ಎಲ್ಲಾ ಬಾಗಿಲೂ ಮುಚ್ಚತ್ತೆ. ನಾನು ಬಿಟ್‌ವಾರ್ಡನ್ ಅನ್ನೋ ಪಾಸ್‌ವರ್ಡ್ ಮ್ಯಾನೇಜರ್, ಅಂದ್ರೆ ಎಲ್ಲಾ ಪಾಸ್‌ವರ್ಡ್ ಒಂದೇ ಕಡೆ ಬೀಗ ಹಾಕಿಡೋ ಆಪ್ ಬಳಸ್ತೀನಿ, ಪಾಸ್‌ಕೀನೂ ಅದ್ರಲ್ಲೇ ಇಡ್ತೀನಿ, ಐಫೋನಿಗೆ ಹೋದ್ರೂ ಆಂಡ್ರಾಯ್ಡಿಗೆ ಬಂದ್ರೂ ಜೊತೆಗೆ ಬರತ್ತೆ. ಆಪಲ್‌ನವ್ರು 2025ರಲ್ಲಿ ಬಂದ ಐಫೋನ್ ಸಾಫ್ಟ್‌ವೇರ್ ಐಒಎಸ್ 26ರಲ್ಲಿ ಪಾಸ್‌ಕೀ ಬೇರೆ ಆಪಿಗೆ ದಾಟಿಸೋ ಸೌಲಭ್ಯ ಕೊಟ್ಟಿದಾರೆ, ಒಳ್ಳೇದಾಯ್ತು.

ಆ ಮ್ಯಾನೇಜರ್ ತೆಗ್ಯೋಕೆ ಒಂದು ಪಾಸ್‌ವರ್ಡ್ ಬೇಕೇ ಬೇಕು, ಅದನ್ನ ದಾಳ ಹಾಕಿ ಆರಿಸ್ಕೊಂಡೆ. ಐದು ದಾಳ ಹಾಕಿದ್ರೆ 7776 ಸಾಧ್ಯತೆ, ಅಷ್ಟು ಪದಗಳ ಪಟ್ಟಿ ಮಾಡಿ, ಬಿದ್ದ ಆರು ಪದ ಜೋಡ್ಸಿದ್ರೆ ಯಾವ ಕಂಪ್ಯೂಟರಿಗೂ ಊಹಿಸೋಕಾಗಲ್ಲ. ನಾನು ಪಟ್ಟೀನ ಕನ್ನಡ ಪದಗಳಲ್ಲೇ ಮಾಡ್ಕೊಂಡೆ, ಹಲಸು, ಒನಕೆ, ಬುಧವಾರ, ಕೊಡೆ ಅನ್ನೋ ತರದ್ದು, ಟೈಪ್ ಮಾಡೋದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ಒಂದು ವಾರಕ್ಕೆ ಬಾಯಿಪಾಠ ಆಯ್ತು. ವಚನದ ಸಾಲು ಸಿನಿಮಾ ಹಾಡು ಇಡ್ಬೇಡಿ, ಎಲ್ಲರಿಗೂ ಗೊತ್ತಿರೋದು ಕಳ್ಳನಿಗೂ ಗೊತ್ತಿರತ್ತೆ.

ಸಾಗರದ ಮಗಳು
ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಶನಿವಾರ ಊರಿಗೆ ಹೋಗ್ತಿದೀನಿ. ಅಮ್ಮನ ಜಿಮೇಲಿಗೆ ಅವ್ರ ಫೋನಲ್ಲಿ ಒಂದು ಪಾಸ್‌ಕೀ, ನನ್ನ ಫೋನಲ್ಲಿ ಇನ್ನೊಂದು ಪಾಸ್‌ಕೀ ಮಾಡ್ತೀನಿ, ಕಳ್ದೋದ್ರೆ ನಾನಿದೀನಲ್ಲ. ಇದು ಸರಿ ಅಲ್ವಾ?

ಹಾವೇರಿ ಆನ್‌ಲೈನ್ ಸೆಂಟರ್
ಅಕ್ಕಾರ, ಒಂದ ಮಾತ ಕೇಳ್ತೀನಿ ತಪ್ಪ ತಿಳೀಬ್ಯಾಡ್ರಿ. ಅಮ್ಮಾರನ್ನ ಕೇಳಿದ್ರೇನು?

ಸಾಗರದ ಮಗಳು
ವಾರ ಆದ್ಮೇಲೆ ಬರೀತಿದೀನಿ, ಕ್ಷಮಿಸಿ. ಹಾವೇರಿ ಅಣ್ಣ, ನಿಮ್ಮ ಒಂದು ಸಾಲು ಬಸ್ಸಲ್ಲಿ ರಾತ್ರಿಯಿಡೀ ತಲೇಲಿತ್ತು. ಹೋದ ತಕ್ಷಣ ಕೇಳಿದೆ, "ಅಮ್ಮ, ನನ್ನ ಫೋನಲ್ಲೂ ನಿನ್ನ ಜಿಮೇಲಿನ ಕೀ ಇಟ್ಕೊಳ್ಲಾ" ಅಂತ. ಸ್ವಲ್ಪ ಹೊತ್ತು ಸುಮ್ನಿದ್ದು "ಹಾಗಿದ್ರೆ ನಾನು ಯಾರಿಗೆ ಏನು ಬರ್ದೆ ಅಂತ ನೀನು ನೋಡ್ಬಹುದಾ" ಅಂದ್ರು. ನೋಡ್ಬಹುದು, ಆದ್ರೆ ನೋಡಲ್ಲ ಅಂದೆ. "ನೋಡಲ್ಲ ಅಂತ ಗೊತ್ತು, ಆದ್ರೂ ಬೇಡ" ಅಂದ್ರು. ಅಮ್ಮ ಅವ್ರ ಗೆಳತಿಯರಿಗೆ ಮೇಲಲ್ಲಿ ಉದ್ದುದ್ದ ಕಾಗದ ಬರೀತಾರೆ, ಅದು ಅವ್ರದ್ದು. ಇಷ್ಟು ವರ್ಷ ಪಾಸ್‌ವರ್ಡ್ ನಂಗೂ ಗೊತ್ತಿತ್ತು, ಡೈರಿ ಮೇಜಿನ ಮೇಲೇ ಇರ್ತಿತ್ತು, ಒಂದು ಸಲಾನೂ ಅವ್ರನ್ನ ಕೇಳೋದು ನಂಗೆ ಹೊಳೆದಿರ್ಲಿಲ್ಲ.

ಆಮೇಲೆ ಮಾಡಿದ್ದು ಇಷ್ಟು. ಫೋನಿನ ಪಿನ್ ಅವ್ರ ಹುಟ್ಟಿದ ವರ್ಷ ಇತ್ತು, 6 ಅಂಕಿದು ಮಾಡಿದ್ರು, ನಂಗೂ ಹೇಳ್ಲಿಲ್ಲ. ಬಲಗೈ ಹೆಬ್ಬೆಟ್ಟು ತೋರುಬೆರಳು ಫೋನು ತಗೊಳ್ಲೇ ಇಲ್ಲ, ಎಡಗೈ ಉಂಗುರದ ಬೆರಳು ತಗೊಂತು, ಸುಲಿಯುವಾಗ ಆ ಬೆರಳು ಅಷ್ಟಾಗಿ ಸವೆಯಲ್ಲ ಅನ್ಸತ್ತೆ, ಅದು ಬರ್ದಿದ್ರೆ ಪಿನ್ ಇದೆ. ಪಾಸ್‌ಕೀ ಮಾಡೋಕೆ ಎರಡು ನಿಮಿಷ, ಅಮ್ಮಂಗೆ ನಂಬಿಕೆ ಬರೋಕೆ ಅರ್ಧ ದಿನ, ನಾಲ್ಕು ಸಲ ಲಾಗೌಟ್ ಮಾಡ್ಸಿ ನಾಲ್ಕು ಸಲ ಒಳಗೆ ಹೋಗಿ ನೋಡಿದ್ರು. ದೂರದೂರು ಹೇಳಿದ ಹಾಗೆ ಒಂದು ಸೆಕ್ಯೂರಿಟಿ ಕೀ ತಗೊಂಡು ಹೋಗಿದ್ದೆ, ಅದನ್ನೂ ಬ್ಯಾಕಪ್ ಕೋಡಿನ ಹಾಳೇನೂ ಕಪಾಟಲ್ಲಿ ಸರದ ಡಬ್ಬಿ ಜೊತೆ ಇಟ್ಟು ಬೀಗ ಹಾಕಿದಾರೆ. ವಾಟ್ಸಾಪಿಗೂ ಪಾಸ್‌ಕೀ ಮತ್ತೆ 6 ಅಂಕಿ ಪಿನ್ ಆಯ್ತು.

ಗೂಗಲ್ಲಲ್ಲಿ ಪಾಸ್‌ಕೀ ಹಾಕಿದ್ಮೇಲೂ ಹಳೇ ಪಾಸ್‌ವರ್ಡ್ ಹಾಗೇ ಜೀವಂತ ಇರತ್ತೆ ಅಂತ ಅಲ್ಲೇ ಗೊತ್ತಾಗಿದ್ದು. ಅದನ್ನ ಉದ್ದದ್ದೊಂದು ಮಾಡಿ ಅದೇ ಹಾಳೇಲಿ ಬರ್ದಿಟ್ಟಿದೀವಿ, ಇನ್ನು ಯಾವ ಪೇಜಾದ್ರೂ ಪಾಸ್‌ವರ್ಡ್ ಕೇಳಿದ್ರೆ ಹಾಕೋದಲ್ಲ, ನಂಗೆ ಫೋನ್ ಮಾಡೋದು ಅಂತ ಅಮ್ಮಂಗೆ ಹೇಳಿದೀನಿ. ಬ್ಯಾಂಕಿಂದು ಮಾತ್ರ ಇನ್ನೂ ಓಟಿಪೀನೇ.

ಕೀಲಿಕೈ
ಇಷ್ಟು ಚೆನ್ನಾಗಿ ನಮ್ಮ ಆಫೀಸಲ್ಲೂ ಯಾರೂ ಮಾಡಿರಲ್ಲ. ಮೈಕ್ರೋಸಾಫ್ಟ್ ಅಕೌಂಟಲ್ಲಿ 2021ರಿಂದ ಪಾಸ್‌ವರ್ಡ್ ಪೂರ್ತಿ ತೆಗ್ದೇ ಹಾಕ್ಬಹುದು, ಗೂಗಲ್ಲಲ್ಲೂ ಅದು ಬರ್ಲಿ ಅಂತ ನನ್ನಾಸೆ. ಬ್ಯಾಂಕಿನ ವಿಷಯ, 2025ರ ಸೆಪ್ಟೆಂಬರಲ್ಲಿ ಆರ್‌ಬಿಐ ಹೊರಡಿಸಿದ ಹೊಸ ನಿಯಮ 2026ರ ಏಪ್ರಿಲ್ 1ರಿಂದ ಅಂತ ಇರೋದು, ಎಸ್ಸೆಮ್ಮೆಸ್ ಓಟಿಪಿ ಒಂದೇ ದಾರಿ ಅಲ್ಲ, ಬೇರೆ ವಿಧಾನಾನೂ ಬ್ಯಾಂಕುಗಳು ತರ್ಬಹುದು ಅಂತ ಅದ್ರಲ್ಲಿದೆ. ಅಮ್ಮಂಗೆ ಇನ್ನೊಂದು ಹೇಳಿಡಿ, ಪೊಲೀಸ್ ಅಂತ ವಿಡಿಯೋ ಕಾಲ್ ಮಾಡಿ ಹೆದ್ರಿಸಿ ಅವ್ರ ಕೈಯಿಂದ್ಲೇ ದುಡ್ಡು ಹಾಕಿಸ್ಕೊಳ್ಳೋರನ್ನ ಯಾವ ಪಾಸ್‌ಕೀನೂ ತಡಿಯಲ್ಲ, ಅಂಥ ಕಾಲ್ ಬಂದ್ರೆ ಕಟ್ ಮಾಡಿ ನಿಮಗೆ ಹಚ್ಚಲಿ.

ಹಾವೇರಿ ಆನ್‌ಲೈನ್ ಸೆಂಟರ್
ಅಕ್ಕಾರ, ಕಪಾಟಿನಾಗ ಇಟ್ಟ ಹಾಳ್ಯಾಗ ಏನೇನ ಬರದೀರಿ ಅಂತ ಹೇಳ್ರಿ, ಹೆಸರು ನಂಬರ್ ಬ್ಯಾಡ, ಬರೀ ತಲೆಬರಹ. ನಮ್ಮ ಸೆಂಟರಿಗೆ ಬರೋ ಹೆಣ್ಮಕ್ಳಿಗೆ ಒಂದೊಂದ ಪ್ರತಿ ಪ್ರಿಂಟ್ ಹಾಕಿ ಕೊಡ್ತೀನಿ, ಬರ್ಯಾಕ ಬರದವರಿಗೆ ಅವರ ಮಕ್ಕಳು ತುಂಬಲಿ, ನಾ ತುಂಬಂಗಿಲ್ಲ.

ಸಾಗರದ ಮಗಳು
ಖಂಡಿತ ಅಣ್ಣ. ಮೇಲ್ ವಿಳಾಸ, ಯಾವ ಫೋನಲ್ಲಿ ಪಾಸ್‌ಕೀ ಇದೆ, ಎರಡನೇ ಕೀ ಎಲ್ಲಿದೆ, ಬ್ಯಾಕಪ್ ಕೋಡು ಬಳಸಿದ್ದಕ್ಕೆ ಗೀಟು ಹಾಕೋ ಜಾಗ, ಹಳೇ ಪಾಸ್‌ವರ್ಡ್, ಯಾವ ಮೊಬೈಲ್ ನಂಬರ್ ಜೋಡ್ಸಿದೆ ಆ ಸಿಮ್ ಯಾರ ಹೆಸರಲ್ಲಿದೆ, ಆಧಾರ್ ಬಯೋಮೆಟ್ರಿಕ್ ಲಾಕ್ ಆಗಿದ್ಯಾ, ಕೊನೇಲಿ ದಪ್ಪ ಅಕ್ಷರದಲ್ಲಿ 1930. ಫೋನಿನ ಪಿನ್ನಿಗೆ ಜಾಗ ಬಿಟ್ಟಿಲ್ಲ, ಅದು ಬೇರೆ ಕಡೆ ಇರ್ಲಿ ಅಂತ ಅಮ್ಮ ಹೇಳಿದ್ದು. ಹಾಳೇ ಮೇಲ್ಗಡೆ "ಯಾರಿಗೆ ತೋರಿಸಬಹುದು" ಅಂತ ಒಂದು ಸಾಲು ಅವ್ರೇ ಸೇರಿಸಿ, ಅದ್ರ ಮುಂದೆ ಸದ್ಯಕ್ಕೆ ಖಾಲಿ ಬಿಟ್ಟಿದಾರೆ.